ಹುಡುಗಿಯರ ಬಾಗಿಲು

ಇದು ಅಮೆರಿಕದ ರ್ಯಾಂಚೊ ಪೆನಾಸ್ಕಿಟೋಸ್‌ನ ನಮ್ಮ ಮನೆಯಲ್ಲಿ ಹೋದ ದಸರೆಗೆ ನಡೆದದ್ದು. ವಾಸ್ತುಶಿಲ್ಪದ ಸಂಜೆ ಕ್ಲಾಸಿಗಾಗಿ ನಾನು ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಶಾಲೆಯೊಂದರ ರಟ್ಟಿನ ಮಾದರಿ ಮಾಡಿದ್ದೆ. ಚೂಪು ಕಮಾನಿನ ಕಿಟಕಿಗಳು, ಇನ್ನೂ ಗಂಟೆ ಕಟ್ಟದ ಗೋಪುರ, ಮುಂದೆ ಹುಡುಗರ ಬಾಗಿಲು. ಹುಡುಗಿಯರಿಗೆ ಬೇರೆ ಬಾಗಿಲಿತ್ತಂತೆ. ಎಲ್ಲಿತ್ತೋ, ನನ್ನಲ್ಲಿದ್ದ ಒಂದೇ ಫೋಟೊದಲ್ಲಿ ಕಾಣಲಿಲ್ಲ. ಮರುದಿನವೇ ಒಪ್ಪಿಸಬೇಕು. ತಪ್ಪಾದೀತೆಂದು ಆ ಬಾಗಿಲನ್ನು ಕೊಯ್ಯದೇ ಬಿಟ್ಟಿದ್ದೆ.

ಅತ್ತೆ ಆ ಮಾದರಿಯನ್ನೆತ್ತಿ ದಸರೆಯ ಗೊಂಬೆಗಳ ನಡುವೆ ಇಟ್ಟೇಬಿಟ್ಟರು. "ಇವೂ ನಾಲ್ಕಕ್ಷರ ಕಲೀಲಿ ಬಿಡೇ!"

ಬೊಂಬೆ ಬಾಗಿನದ ಕೊಬ್ಬರಿಮಿಠಾಯಿಗೆ ಮಕ್ಕಳು ನುಗ್ಗಿದರು. ಹೊರಗೆ ಬಿಸಿಗಾಳಿ, ಶಾಲೆಯ ಕಿಟಕಿಗಳಿಂದ ಮಾತ್ರ ತಣ್ಣನೆಯ ಗಾಳಿ, ಒದ್ದೆ ಉಣ್ಣೆಯ ವಾಸನೆ. ಮಕ್ಕಳು ಕೆನ್ನೆಯೊಡ್ಡಿ ನಕ್ಕರು. ಗೋಪುರದಲ್ಲಿ ಗಂಟೆ ಹೊಡೆಯಿತು.

"ಆಂಟಿ, ಲುಕ್!" ಪಕ್ಕದ ಮನೆಯ ಅಪೇಕ್ಷಾ ಕೂಗಿದಳು. ಗಂಡುಗೊಂಬೆಗಳು ಬಾಗಿಲ ಮುಂದೆ ಸಾಲಾಗಿ ನಿಂತಿದ್ದವು. ಹೆಣ್ಣುಗೊಂಬೆಗಳು, ಪಟ್ಟದ ರಾಣಿಯೂ ಸೇರಿ, ಶಾಲೆಯ ಹಿಂಬದಿಯ ಬರೀ ಗೋಡೆಗೆ ಮುಖ ಮಾಡಿದ್ದವು.

"ಪಾಪ, ಎಷ್ಟೊತ್ತು ಕಾಯಿಸ್ತೀಯ? ಬಾಗಿಲು ಮಾಡಿಕೊಡೇ" ಎಂದರು ಅತ್ತೆ.

ಚಾಕು ತಂದು ಅಲ್ಲಿ ರಟ್ಟು ಕೊಯ್ದೆ. ಒಳಗಿನಿಂದ ಹುಡುಗಿಯರ ಕಿಲಕಿಲ ನಗು ಕೇಳಿತು. ನಮ್ಮ ಮಕ್ಕಳು ಚಪ್ಪಾಳೆ ತಟ್ಟಿದರು.

ಮರುದಿನ ಟೀಚರ್ ಶಾಲೆಯ ಹಿಂಬದಿಯ ಫೋಟೊ ತೋರಿಸಿದರು. ಬಾಗಿಲು ಅಲ್ಲೇ ಇತ್ತು.

ಈ ದಸರೆಗೆ ಪೆಟ್ಟಿಗೆ ತೆಗೆದಾಗ, ಹೆಣ್ಣುಗೊಂಬೆಗಳ ಬೆರಳಿಗೆಲ್ಲ ಬಳಪದ ಪುಡಿ ಅಂಟಿತ್ತು.