ಕರೆಯದ ಊಟ

“ನೋಡಿ ಮೇಡಂ, ಅನ್ನ ಮುಂದಿದ್ದರೂ ಮುಟ್ಟಲ್ಲ! ದಿನಾ ಹೀಗೇ. ಅಮ್ಮನಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ,” ಎಂದು ವಿಂಗ್‌ಕಿಟ್ ಹೆತ್ತ ತಾಯಿಯತ್ತಲೇ ಕೈ ತೋರಿಸಿ ಇಂಗ್ಲಿಷಿನಲ್ಲಿ ಹೇಳಿದ.

ಮೇಜಿನ ತುದಿಯಲ್ಲಿ ಮುದುಕಿ ಸೌಹಾ ಕೈಕಟ್ಟಿ ಕುಳಿತಿದ್ದಳು. ಬಟ್ಟಲ ಅನ್ನದಿಂದ ಹಬೆಯೇಳುತ್ತಿತ್ತು. ಶುಂಠಿ ಹಾಕಿ ಬೇಯಿಸಿದ ಇಡೀ ಮೀನು ನಡುವೆ ಮಲಗಿತ್ತು. ಎದುರಿಗಿದ್ದವಳು ವೃದ್ಧಾಶ್ರಮದಿಂದ ಬಂದ ಬಿಳಿಯ ಹೆಂಗಸು. ಆ ಆಶ್ರಮವಿದ್ದುದು ವ್ಯಾಂಕೂವರಿನಿಂದ ಬಹುದೂರ, ನಮ್ಮ ಚೀನೀಯರ ಮಾತು ಒಂದೂ ಕಿವಿಗೆ ಬೀಳದ ಕಡೆ. ತನ್ನನ್ನು ಅಲ್ಲಿಗೆ ಸಾಗಿಸುವ ಮಾತು ತನ್ನ ಕಣ್ಣೆದುರೇ ನಡೆಯುತ್ತಿದೆಯೆಂದು ಪಾಪ, ಇಂಗ್ಲಿಷ್ ಬಾರದ ಆ ಜೀವಕ್ಕೆ ಗೊತ್ತೇ ಇರಲಿಲ್ಲ!

ಬುದ್ಧಿ ಕೆಟ್ಟಿತ್ತೇ? ಅಯ್ಯೋ, ಅದು ಮರ್ಯಾದೆ! ನಮ್ಮ ಮನೆಗಳಲ್ಲಿ ಕಿರಿಯರು ಕರೆದು ‘ಊಟ ಮಾಡಿ’ ಎನ್ನದೆ ಹಿರಿಯರು ಊಟದ ಕಡ್ಡಿ ಎತ್ತುವುದಿಲ್ಲ. ಆದರೆ ಮೇಜಿನ ಮುಂದೆ ಇಂಗ್ಲಿಷ್ ಬಿಟ್ಟು ಬೇರೆ ಮಾತು ಕೂಡದೆಂದು ವಿಂಗ್‌ಕಿಟ್ ಕಟ್ಟಪ್ಪಣೆ ಮಾಡಿದ್ದ. ಅಂದಿನಿಂದ, ಈಗಲೂ ಅವನ ಪಕ್ಕದಲ್ಲೇ ಊಟಕ್ಕೆ ಕುಳಿತಿದ್ದ ಮಗಳು ಆಡ್ರಿ ಅಜ್ಜಿಯನ್ನು ಕರೆಯದೆಯೇ ಉಂಡೆದ್ದು ಹೋಗುತ್ತಿದ್ದಳು. ಎಲ್ಲರೂ ಎದ್ದ ಮೇಲೆ ಅಜ್ಜಿ ಅಡುಗೆಮನೆಯಲ್ಲಿ ನಿಂತೇ ತಣ್ಣನೆಯ ಅನ್ನ ತಿನ್ನುತ್ತಿದ್ದಳು. ಆಮೇಲೆ ಕ್ವಾನ್‌ಯಿನ್ ತಾಯಿಯ ಪಟಕ್ಕೆ ಊದುಬತ್ತಿ ಹಚ್ಚಿ, ದಿನದ ಮಾತನ್ನೆಲ್ಲ ಅವಳೊಬ್ಬಳಿಗೇ ಹೇಳುತ್ತಿದ್ದಳು. ಮಗನ ಮೇಲೆ ದೂರಲ್ಲ... ಅವನ ಆಯಸ್ಸಿಗೆ ಹರಕೆ!

ಅವನನ್ನೂ ಒಂದು ಭಯ ಕಾಡುತ್ತಿತ್ತೆನ್ನಿ. ಚಿಕ್ಕವನಾಗಿ ಈ ದೇಶಕ್ಕೆ ಬಂದ ಹೊಸದರಲ್ಲಿ, ತರಗತಿಯಿಂದ ಹೊರಗೆ ಹೋಗಬೇಕೆಂದು ಕೇಳಲು ಮಾತು ಬಾರದೆ ಕುಳಿತಲ್ಲೇ ಚಡ್ಡಿ ಒದ್ದೆ ಮಾಡಿಕೊಂಡಿದ್ದ. ಆ ಮಕ್ಕಳ ನಗು ಇನ್ನೂ ಅವನ ಕಿವಿಯಲ್ಲಿತ್ತು. ತನ್ನ ಮಗಳಿಗೆ ಆ ಗತಿ ಬರಬಾರದು, ಸರಿ. ಆದರೆ ಆ ದಿನ ತನ್ನ ಸ್ವೆಟರ್ ಬಿಚ್ಚಿ ಅವನ ಸೊಂಟಕ್ಕೆ ಸುತ್ತಿ, ಹೊತ್ತುಕೊಂಡು ಮನೆಗೆ ತಂದವಳು ಯಾರು? ಇದೇ ತಾಯಿಯಲ್ಲವೇ?

“ನಮ್ಮಲ್ಲಿಗೆ ಬರಲು ಅವರಿಗೆ ಇಷ್ಟವಿದೆಯಾ? ಅವರನ್ನೇ ಕೇಳಿ,” ಎಂದಳು ಬಂದವಳು.

ವಿಂಗ್‌ಕಿಟ್ ಮನೆಮಾತಿಗೆ ಹೊರಳಿದ. “ಅಮ್ಮಾ, ಮೀನು ನೀನೇ ಮಾಡಿದ್ದಾ ಅಂತ ಕೇಳ್ತಿದಾರೆ.”

ಮುದುಕಿಯ ಮುಖ ಅರಳಿತು. “ಹೂಂ ಕಣಪ್ಪಾ, ನಾನೇ! ಮೀನಿನ ಕೆನ್ನೆ ಇದೆಯಲ್ಲ, ಎಲ್ಲಕ್ಕಿಂತ ರುಚಿಯಾದ ತುಂಡು, ಅದನ್ನ ಅವಳಿಗೇ ಬಡಿಸು. ಗಾಳಿ ಬೀಸಿದ್ರೆ ಹಾರಿಹೋಗೋ ಹಾಗಿದಾಳೆ, ಪಾಪ!”

“ಸಂತೋಷವಾಗಿ ಬರ್ತೀನಿ ಅಂತಿದಾರೆ, ಮೇಡಂ.”

ಒಲೆಯ ಬಳಿಯಿದ್ದ ಸೊಸೆ ಯೂಕ್‌ಸಿಮ್‌ಳ ಕೈಯಿಂದ ಸೌಟು ಜಾರಿತು. ಹೊರಗಿನವರ ಮುಂದೆ ಬಾಯಿ ಬಿಟ್ಟರೆ ಮಗಳನ್ನು ಇಲ್ಲೇ ಇಟ್ಟುಕೊಂಡು ಅವಳನ್ನು ಊರಿಗೆ ಅಟ್ಟುತ್ತೇನೆಂದು ಗಂಡ ಹೆದರಿಸಿಟ್ಟಿದ್ದ. ಮಗಳು ಪಾಠ ಓದುವಾಗ ಕದ್ದು ಕೇಳಿ ಕಲಿತ ನಾಲ್ಕಾರು ಇಂಗ್ಲಿಷ್ ಮಾತುಗಳೇ ಅವಳ ಬಂಡವಾಳ. ಅದನ್ನೇ ನಂಬಿ ಮುಂದೆ ಬಂದಳು...

“ಇಲ್ಲ! ಸುಳ್ಳು! ಅತ್ತೆ... ಬರಲ್ಲ. ಅತ್ತೆ ಹೇಳಿದ್ದು... ಮೀನು. ನಿಮಗೆ. ತಿನ್ನಿ!”

“ಬಾಯಿ ಮುಚ್ಚೇ!” ಎಂದು ಗಂಡ ಮನೆಮಾತಿನಲ್ಲೇ ಗುಡುಗಿದ. “ನಿನಗೇನೇ ಗೊತ್ತು?”

“ಗೊತ್ತು ಕಣ್ರೀ! ಅಟ್ಟೋದಾದ್ರೆ ನನ್ನನ್ನ ಅಟ್ಟಿ! ಹೆತ್ತವಳ ಬಾಯಿಗೆ ನಿಮ್ಮ ಮಾತು ತುರುಕ್ತೀರಲ್ಲಾ, ನಾಚಿಕೆ ಆಗಲ್ವಾ? ಅವರು ಯಾಕೆ ಉಣ್ಣಲ್ಲ ಅಂತ ನಿಮಗೆ ಗೊತ್ತಿಲ್ವಾ? ನೀವು ಅವರನ್ನ ಊಟಕ್ಕೆ ಕರೆದು ಎಷ್ಟು ಕಾಲ ಆಯ್ತು?”

ಬಂದ ಹೆಂಗಸು ಮೂವರ ಮುಖವನ್ನೂ ನೋಡಿ ಎದ್ದು ನಿಂತಳು. “ಮುಂದಿನ ಸಲ ನಮ್ಮ ದುಭಾಷಿಯನ್ನೇ ಕರೆತರುತ್ತೇನೆ. ಅವರು ತಾವಾಗಿ ಹೂಂ ಎನ್ನದೆ ಎಲ್ಲಿಗೂ ಕರೆದೊಯ್ಯುವುದಿಲ್ಲ,” ಎಂದು ಹೇಳಿ ಹೊರಟುಹೋದಳು.

ಸೊಸೆಯ ಮಾತು ಕೇಳಿಸಿದರೂ ಅದರ ಹಿನ್ನೆಲೆ ತಿಳಿಯದೆ ಮುದುಕಿ ಗಾಬರಿಯಿಂದ ಸುತ್ತಲೂ ನೋಡಿದಳು. “ಯಾಕಪ್ಪಾ ಜಗಳ? ಉಣ್ಣದೇ ಹೋದ್ಲಲ್ಲ... ಮೀನಿಗೆ ಉಪ್ಪು ಜಾಸ್ತಿ ಆಯ್ತಾ?”

ಆಡ್ರಿ ಅಪ್ಪನನ್ನು ನೋಡಿದಳು, ಅಳುತ್ತಿದ್ದ ಅಮ್ಮನನ್ನು ನೋಡಿದಳು. ಎತ್ತಿದ್ದ ಕಡ್ಡಿಗಳನ್ನು ಕೆಳಗಿಟ್ಟು, ಮರೆತೇ ಹೋಗಿದ್ದ ಮಾತನ್ನು ತಡವರಿಸುತ್ತ ಹೊರತಂದಳು.

“ಮಾ-ಮಾ... ಸಿಕ್ ಫಾನ್.”

ಅಜ್ಜೀ, ಊಟ ಮಾಡಿ... ಇಷ್ಟೇ! ಇಷ್ಟಕ್ಕಾಗಿ ಆ ಮುದುಕಿ ಎಷ್ಟು ಊಟ ಕಾದಿದ್ದಳು, ಕ್ವಾನ್‌ಯಿನ್ ತಾಯಿಯೇ ಬಲ್ಲಳು!

ಸೌಹಾ ಕಡ್ಡಿ ಎತ್ತಿದಳು. ಅತಿಥಿಗೆಂದು ಉಳಿಸಿದ್ದ ಮೀನಿನ ಕೆನ್ನೆಯನ್ನು ಬಿಡಿಸಿ ಮಗನ ಬಟ್ಟಲಿಗೆ ಹಾಕಿದಳು. “ತಿನ್ನು ಮಗಾ, ಆರಿಹೋಗತ್ತೆ,” ಎಂದು ತಾನೂ ಒಂದು ತುತ್ತು ಬಾಯಿಗಿಟ್ಟಳು.

ವಿಂಗ್‌ಕಿಟ್ ತಲೆ ತಗ್ಗಿಸಿ ಕುಳಿತೇ ಇದ್ದ. ಅನ್ನ ಮುಂದಿದ್ದರೂ ಮುಟ್ಟಲಾರದವನು ಈಗ ಅವನು.