ಕೆಂಪಯ್ಯನ ಮನೆಯ ಸರದಿ

“ಆ ಬಲೆ ಮುಟ್ಬ್ಯಾಡ ಕಣ್ಲಾ ಸಿದ್ದರಾಮು. ಬ್ಯಾಡ ಅಂದ್ರೆ ಬ್ಯಾಡ,” ಎಂದ ಕೆಂಪಯ್ಯ.

ಸಿದ್ದರಾಮು ನಕ್ಕ. “ಸುಮ್ಕಿರಿ ಮಾವ. ಬಲೆ ಮೀನ ಇಡೀತದೆ. ಕೊಲೆಗಾರನ್ನ ಇಡಿಯಾಕೆ ಅದೇನು ಪೊಲೀಸಾ?”

ಮುದುಕ ನಗಲಿಲ್ಲ. ಒಳಗಿನಿಂದ ದೇವೀರಮ್ಮನ ನರಳಾಟ ಕೇಳಿಸಿತು. ಇಬ್ಬರೂ ಮುಖ ತಿರುಗಿಸಿಕೊಂಡರು.

ಕಾವೇರಿಯ ನಡುವಿನ ಆ ಪುಟ್ಟ ದ್ವೀಪ ನೇರಳೆಗಡ್ಡೆಯಲ್ಲಿ ಇದ್ದದ್ದು ಬೆಸ್ತರ ಕೆಲವೇ ಗುಡಿಸಲುಗಳು. ಯುದ್ಧದ ಕಾಲದಲ್ಲಿ ಮದ್ದೂರಿನ ಭತ್ತದ ಗಿರಣಿಯೊಂದರಲ್ಲಿದ್ದ ಕೆಲಸ ಹೋಗಿ, ಸಿದ್ದರಾಮು ಬಸುರಿ ಹೆಂಡತಿ ದೇವೀರಮ್ಮನನ್ನು ಕರೆದುಕೊಂಡು ಬೇಸಿಗೆಯಲ್ಲಿ ಮಾವ ಕೆಂಪಯ್ಯನ ಮನೆಗೆ ಬಂದಿದ್ದ. ಈಗ ಆಷಾಢ. ಕೆನ್ನೀರು ಎರಡೂ ಕವಲುಗಳನ್ನು ತುಂಬಿ ನುಗ್ಗುತ್ತಿತ್ತು. ಮಳವಳ್ಳಿಯ ಕಡೆಗೆ ಹರಿಗೋಲು ಬಿಡುವ ಮಾತೇ ಇರಲಿಲ್ಲ. ಬೆಳಗಿನಿಂದ ದೇವೀರಮ್ಮನಿಗೆ ನೋವು. ಮಗು ಅಡ್ಡ ತಿರುಗಿದೆ ಎಂದು ಹೆಂಗಸರು ಪಿಸುಗುಟ್ಟುತ್ತಿದ್ದರು. ಗಡ್ಡೆಯಲ್ಲಿದ್ದ ಒಬ್ಬಳೇ ಸೂಲಗಿತ್ತಿ ಬೆಳ್ಳಮ್ಮ. ಆ ಮನೆಯವರು ತನ್ನ ಬಲೆ ಬೀಸುವ ತನಕ ಅವಳು ಕೆಂಪಯ್ಯನ ಹೊಸಿಲು ದಾಟುವುದಿಲ್ಲ ಎಂದಿದ್ದಳು.

ಬೆಳ್ಳಮ್ಮನ ಗಂಡ ಮರಿಸಿದ್ದಯ್ಯ ಹಿಂದೊಮ್ಮೆ ತಲೆ ಒಡೆದ ಹೆಣವಾಗಿ ಹೊಳೆಯಲ್ಲಿ ತೇಲಿದ್ದ. ಹೊಡೆದವರನ್ನು ಯಾರೂ ಕಂಡಿರಲಿಲ್ಲ. ಬೆಳ್ಳಮ್ಮ ತನ್ನ ತಲೆ ಬೋಳಿಸಿ, ಆ ಕೂದಲನ್ನು ನಾರಿನ ಜೊತೆ ಹೊಸೆದು ಗಂಡನ ಬೀಸುಬಲೆಗೆ ಹಗ್ಗ ಮಾಡಿದಳು. ಕರಿಕೋಳಿಯ ನೆತ್ತರಲ್ಲಿ ಅದ್ದಿ, ಗಂಡನ ಚಿತೆಯ ಬೂದಿಯಲ್ಲಿ ಹೂತು, ಅಮಾವಾಸ್ಯೆಯಂದು ಪಟ್ಟಲಮ್ಮನ ಗುಡಿಯ ಮುಂದೆ ಹೊರಗೆ ತೆಗೆದಳು. ಆಮೇಲಿನದು ಗಡ್ಡೆಯ ಹಳೆಯ ಕಟ್ಟಳೆ. ಬಲೆ ಮನೆಯಿಂದ ಮನೆಗೆ ಹೋಗಬೇಕು. ಪ್ರತಿ ಮನೆಯವರೂ ಆ ಹಗ್ಗವನ್ನು ಮಣಿಕಟ್ಟಿಗೆ ಬಿಗಿದು, ಮನೆಯ ಹೆಸರು ಹೇಳಿ ಹೊಳೆಗೆ ಬೀಸಬೇಕು. ಎಲ್ಲರೂ ಬೀಸಿದ್ದರು. ಕೆಂಪಯ್ಯನ ಮನೆಯ ಸರದಿ ಮಾತ್ರ ಬರಲೇ ಇಲ್ಲ. ಒಮ್ಮೆ ಜ್ವರ, ಒಮ್ಮೆ ಸೂತಕ, ಇನ್ನೊಮ್ಮೆ ಕೈಗೆ ಬಾವು. ಅಷ್ಟರಲ್ಲಿ ಅವನು ತನ್ನ ಮನೆಗೆ ದಪ್ಪ ಹಲಗೆಯ ಬಾಗಿಲು ಹಾಕಿಸಿ, ಒಳಗೆ ಅಗುಳಿ ಕೂರಿಸಿದ್ದ.

ಸಿದ್ದರಾಮು ನೇರವಾಗಿ ಬೆಳ್ಳಮ್ಮನ ಗುಡಿಸಲಿಗೆ ಹೋದ.

“ನಾನು ಬೀಸಿದ್ರೆ ಆದೀತಾ ಬೆಳ್ಳಮ್ಮ? ಬೀಸಿದ್ಮ್ಯಾಕೆ ಬಂದು ನನ್ನೆಂಡ್ರನ್ನ ನೋಡ್ತೀಯಾ?”

ಅವಳು ಬೋಳುತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು ಅವನನ್ನೇ ನೋಡಿದಳು. “ಆ ಮನೆ ಅನ್ನ ಉಂಡಿದ್ದೀಯ. ಆಯ್ತದೆ. ಆದ್ರೆ ಕೇಳು ಮಗ, ಮಾಡ್ದೋನ ಮನೆ ಕೈ ಸಿಕ್ರೆ ಅದು ಬುಡಾಕಿಲ್ಲ. ಮಾಡ್ದೋನೇ ಬಂದು ಅಗ್ಗ ಇಸ್ಕೋಬೇಕು.”

“ಇಸ್ಕೊಳ್ಳಿ ಬುಡು. ಮೀನು ಸಿಕ್ರೆ ನಿಂಗೇ ಕೊಡ್ತೀನಿ, ಸಾರು ಮಾಡ್ಕೊ.”

ಹೊತ್ತು ಮುಳುಗುತ್ತಿತ್ತು. ಗಡ್ಡೆಯ ಬಾಲದಲ್ಲಿ ನೀರಿಗೆ ಚಾಚಿದ ಬಂಡೆ. ದೇವೀರಮ್ಮನ ಬಳಿಯಿದ್ದ ಹೆಂಗಸರೂ ಸೇರಿ ಜನ ದೂರದಲ್ಲೇ ನಿಂತರು. ಬಲೆಗೆ ಹಸಿ ಬೂದಿಯ ನಾತ, ಕೊಳೆತ ರಕ್ತದ ನಾತ. ಹಗ್ಗದಲ್ಲಿ ನರೆಗೂದಲಿನ ಎಳೆಗಳು ಮಿನುಗುತ್ತಿದ್ದವು. ಸಿದ್ದರಾಮು ಕುಣಿಕೆಯನ್ನು ಬಲ ಮಣಿಕಟ್ಟಿಗೆ ಬಿಗಿದ.

“ಕೆಂಪಯ್ಯನ ಮನೆ ಬಲೆ!” ಎಂದು ಕೂಗಿ ಬೀಸಿದ.

ಬಲೆ ಗಾಳಿಯಲ್ಲಿ ದುಂಡಗೆ ಅರಳಿತು. ಸೀಸದ ಗುಂಡುಗಳು ನೀರಿಗೆ ಬಿದ್ದವು. ಮುಳುಗಿತು. ಅಷ್ಟೇ. ಸಿದ್ದರಾಮು ಜನರ ಕಡೆ ತಿರುಗಿ ಹಲ್ಲು ಕಿರಿದ.

ಹೊಳೆಯ ಸದ್ದು ನಿಂತಿತು.

ನೀರು ಹರಿಯುತ್ತಲೇ ಇತ್ತು. ಸದ್ದು ಮಾತ್ರ ಇರಲಿಲ್ಲ. ಆ ಮೌನದೊಳಗೆ ಹಗ್ಗ ಮೆಲ್ಲನೆ ಬಿಗಿಯಿತು, ಯಾರೋ ಕೆಳಗಿನಿಂದ ಕೈ ಹಿಡಿದು ಕರೆದ ಹಾಗೆ.

ಮರುಕ್ಷಣ ಅವನು ಬೋರಲು ಬಿದ್ದಿದ್ದ. ಗದ್ದ ಕಲ್ಲಿಗೆ ಬಡಿದು ಹಲ್ಲು ಮುರಿಯಿತು. ಬಾಯಿ ತುಂಬ ರಕ್ತ. ಹಗ್ಗ ಎಳೆಯಿತು. ಎಡಗೈಯಿಂದ ಬಂಡೆ ಕೆರೆದ. ಉಗುರುಗಳು ಕಿತ್ತು ಬಂದವು. ಹಗ್ಗದ ಕೂದಲು ಚರ್ಮ ಸೀಳಿ ಮೂಳೆಗೆ ಇಳಿಯುತ್ತಿತ್ತು.

“ಮಾವಾ! ಕುಯ್ರೀ! ಅಗ್ಗ ಕುಯ್ರೀ!”

ಕೆಂಪಯ್ಯ ಮಚ್ಚು ಹಿಡಿದು ಓಡಿ ಬಂದ. ಹಗ್ಗಕ್ಕೆ ಬೀಸಿದ. ಮಚ್ಚು ಪುಟಿಯಿತು. ಮತ್ತೆ ಬೀಸಿದ. ಒಂದು ಎಳೆಯೂ ತುಂಡಾಗಲಿಲ್ಲ.

ನೀರಿನಿಂದ ತಲೆಯೊಂದು ಎದ್ದಿತು. ಬಲೆ ಹೊದ್ದಿತ್ತು. ನೆತ್ತಿಯಿಂದ ಹುಬ್ಬಿನವರೆಗೆ ಬಿರಿದಿತ್ತು.

“ಕೆಂಪಯ್ಯಾ,” ಎಂದಳು ಬೆಳ್ಳಮ್ಮ, ಬಂಡೆಯ ಬುಡದಿಂದ. “ಅಗ್ಗ ಇಸ್ಕೊ.”

ಕೆಂಪಯ್ಯ ನೀರಿನಲ್ಲಿದ್ದ ತಲೆಯತ್ತ ತಿರುಗಿದ. “ಈ ಮೀನಿನ ಮಡು ನಂದು ಅಂದೆ ಕಣ್ಲಾ ಮರಿಸಿದ್ದಾ. ನೀ ನಕ್ಕೆ. ಯಾಕ್ಲಾ ನಕ್ಕೆ?” ಎನ್ನುತ್ತಲೇ ಅಳಿಯನ ಕಡೆ ನೋಡಿದ. ಆ ನೋಟ ಸಿದ್ದರಾಮುವಿಗೆ ಅರ್ಥವಾಯಿತು. ಬೇಡ ಎನ್ನುವಷ್ಟರಲ್ಲಿ ಮಚ್ಚು ಇಳಿದಿತ್ತು.

ಒಂದೇ ಏಟು. ಅಂಗೈ ಬಂಡೆಯ ಮೇಲೆ ಮಗುಚಿ ಬಿತ್ತು. ಖಾಲಿ ಕುಣಿಕೆ ನೀರಿನ ಕಡೆ ಸರಸರ ಸರಿಯಿತು. ಮುದುಕ ಓಡಲು ತಿರುಗಿದ. ಸಿದ್ದರಾಮು ಎಡಗೈಯಲ್ಲಿ ಕುಣಿಕೆ ಹಿಡಿದ. ಎದ್ದ. ಹಿಂದಿನಿಂದ ಮಾವನ ಕೊರಳಿಗೆ ಹಾಕಿದ.

ಕೂಗು ಅರ್ಧಕ್ಕೇ ನಿಂತಿತು. ಹಗ್ಗ ಜಗ್ಗಿತು. ಬೆನ್ನು ಬಡಿಯಿತು. ತಲೆ ಬಡಿಯಿತು. ಕಾಲು ಒದೆಯಿತು. ನೀರು ಮುಚ್ಚಿತು. ಹೊಳೆ ಮತ್ತೆ ಭೋರ್ಗರೆಯಿತು.

ಆಗ ದಿಬ್ಬದ ಮೇಲಿನ ಕೆಂಪಯ್ಯನ ಮನೆಯಿಂದ ಒಂದು ಚೀತ್ಕಾರ ಕೇಳಿಸಿತು. ಬಾಗಿಲ ಚೌಕಟ್ಟಿಗೆ ಆತು ದೇವೀರಮ್ಮ ನಿಂತಿದ್ದಳು. ಹೊಳೆ ಸದ್ದಡಗಿದಾಗ ಹೆದರಿ ಎದ್ದು ಬಂದವಳಿಗೆ ಕಂಡದ್ದು ಕೊನೆಯದು ಮಾತ್ರ: ಗಂಡ, ಅಪ್ಪ, ಕುಣಿಕೆ. ಅವಳು ಒಳಗೆ ಸರಿದಳು. ಅಗುಳಿ ಬಿದ್ದ ಸದ್ದಾಯಿತು.

ಬೆಳ್ಳಮ್ಮ ತನ್ನ ಸೆರಗು ಹರಿದು ಸಿದ್ದರಾಮುವಿನ ಮೊಂಡುಗೈಗೆ ಬಿಗಿದಳು. ಆಮೇಲೆ ದಿಬ್ಬ ಏರಿ ಓಡಿದಳು. ಎರಡೂ ಕೈಯಿಂದ ಹಲಗೆ ಬಡಿದಳು.

“ತೆಗಿಯವ್ವಾ! ನಾನು ಬಂದಿವ್ನಿ ಕಣವ್ವಾ, ಬೆಳ್ಳಮ್ಮ! ಮಗೀಗೆ ದಾರಿ ಇಲ್ಲ, ತೆಗಿ!”

“ನಮ್ಮಪ್ಪನ್ನ ಕೊಂದೋರು ಯಾರೂ ಬರಬ್ಯಾಡಿ.”

“ದೇವೀ,” ಎಂದು ಸಿದ್ದರಾಮು ಬಾಗಿಲಿಗೆ ಬಾಯಿಟ್ಟು ಕರೆದ. ರಕ್ತ ಹಲಗೆಯ ಮೇಲೆ ಇಳಿಯಿತು. “ನಿಂಗೋಸ್ಕರ ಬೀಸ್ದೆ ಕಣೇ.”

ಒಳಗಿನಿಂದ ಉದ್ದನೆಯ ಒಂದು ನರಳಾಟ ಬಂತು. ಗಂಡಸರು ಭುಜ ಕೊಟ್ಟು ಗುದ್ದಿದರು. ಕೆಂಪಯ್ಯ ಗಟ್ಟಿ ಮರವನ್ನೇ ಆರಿಸಿದ್ದ. ನರಳಾಟ ಕಿರುಚಾಟವಾಯಿತು. ಕಿರುಚಾಟ ಥಟ್ಟನೆ ನಿಂತಿತು. ಬೆಳ್ಳಮ್ಮ ಹಲಗೆಗೆ ಕಿವಿಯಿಟ್ಟು, ಎಲ್ಲರಿಗೂ ಸುಮ್ಮನಿರುವಂತೆ ಕೈಸನ್ನೆ ಮಾಡಿದಳು.

ಮಗು ಅತ್ತಿತು.

“ತಾಯಿ ಮಾತಾಡ್ತಾಳಾ?” ಎಂದ ಸಿದ್ದರಾಮು.

ಬೆಳ್ಳಮ್ಮ ಹಲಗೆಯಿಂದ ಕಿವಿ ತೆಗೆಯಲಿಲ್ಲ. ಒಳಗೆ ಮಗುವಿನ ಅಳುವೊಂದೇ ಕೇಳುತ್ತಿತ್ತು.