ಬೀಡಿನ ಬ್ಲಾಕ್

ಬೆಳಿಗ್ಗೆ ಪೀಣ್ಯದ ಆ ಶೆಡ್ಡಿನ ಬಾಗಿಲು ತೆಗೆದಾಗ ಮೆಕ್ಯಾನಿಕ್ ಹನುಮಯ್ಯ ಹೆಣವಾಗಿ ಬಿದ್ದಿದ್ದ. ತಲೆಯ ಮೇಲೆ ಬೀಡಿನ, ಅಂದರೆ ಎರಕದ ಕಬ್ಬಿಣದ, ಎಂಜಿನ್ ಬ್ಲಾಕ್. ಮೇಲೆ ಭಾರ ಎತ್ತುವ ಚೈನ್ ಪುಲ್ಲಿಯ ಖಾಲಿ ಕೊಕ್ಕೆ.

ಸಬ್ ಇನ್ಸ್‌ಪೆಕ್ಟರ್ ನರಸಿಂಹಯ್ಯನಿಗೆ ಅವನು ಚಿಕ್ಕಬಾಣಾವರದ ಶಾಲೆಯಿಂದಲೂ ಗೆಳೆಯ. ಅಳು ಬರಬೇಕಿತ್ತು, ಬರಲಿಲ್ಲ. ಯಾರದೋ ಹೆಣ ನೋಡಿದ ಹಾಗಿತ್ತು. ನಾಚಿಕೆಯೂ ಸರಿಯಾಗಿ ಆಗಲಿಲ್ಲ.

“ಕೊಕ್ಕೆ ಜಾರ್ಬಿಟ್ಟದೆ ಸಾರ್,” ಎಂದ ಶೆಡ್ಡಿನ ಮಾಲೀಕ ಗೋಪಾಲಪ್ಪ. “ಭಾನುವಾರ ಕಾರಿನ ಡ್ರ್ಯಾಗ್ ರೇಸು. ನನ್ ಮಗ ಓಡಿಸ್ಬೇಕು. ಟರ್ಬೊ ಒತ್ತಡ ತಡೆಯೋದು ಇದೇ ಬ್ಲಾಕು ಅಂತ ಹನುಮಯ್ಯನೇ ಆರಿಸ್ದ. ನಾನು ನಿನ್ನೆ ಸಂಜೆ ಮನೆಗೋದ್ಮೇಲೆ ಒಬ್ನೇ ಎತ್ತೋಕೋಗವ್ನೆ.”

ಮೂಲೆಯಲ್ಲಿ ಹೊಸ ಅಲ್ಯೂಮಿನಿಯಂ ಬ್ಲಾಕೊಂದಿತ್ತು.

* * *

“ಮಾಲೀಕನ ಮಗನೂ ಹನುಮಯ್ಯನೂ ನಿನ್ನೆ ಕಿತ್ತಾಡವ್ರೆ ಸಾರ್,” ಎಂದ ಕಾನ್‌ಸ್ಟೇಬಲ್ ನಲ್ಲಪ್ಪ.

ಮಗ ಶ್ಯಾಮಣ್ಣ ಮುಚ್ಚಿಡಲಿಲ್ಲ. “ಬೈದಿದ್ದು ನಿಜ ಸಾರ್. ಅಲ್ಯೂಮಿನಿಯಂ ಹಾಕಿದ್ರೆ ಕಾರು ಹಗುರ ಆಗತ್ತೆ ಅಂದೆ. ಅದು ಸೀಳ್ಕೊಂಡ್ರೆ ಸಾಯೋನು ನೀನು ಕಣೋ, ಬೇಡ ಅಂದ್ರು ಹನುಮಯ್ಯ.”

ನರಸಿಂಹಯ್ಯ ಕುಕ್ಕರುಗಾಲಿನಲ್ಲಿ ಕುಳಿತ. ಬ್ಲಾಕಿನ ತುಂಬ ಸೀಮೆಸುಣ್ಣದ ಪುಡಿ. ಅದರ ನಡುವೆ ಕೂದಲಿನಷ್ಟು ತೆಳುವಾದ ಒದ್ದೆ ಗೆರೆ. ಮೂಸಿದ. ಸೀಮೆಎಣ್ಣೆ. ಹೆಣದ ಅಂಗೈ ಅದೇ ಪುಡಿಯಿಂದ ಬೆಳ್ಳಗಿತ್ತು. ಪುಲ್ಲಿಯ ಚೈನು ಗ್ರೀಸಿನಿಂದ ಕರ್ರಗಿತ್ತು.

“ಗೋಪಾಲಪ್ಪನೋರೆ, ನಿಮ್ ಉಗುರು ತೋರ್ಸಿ.”

ಗೋಪಾಲಪ್ಪ ಕೈ ಹಿಂದಕ್ಕೆ ಕಟ್ಟಿಕೊಂಡ. ನಲ್ಲಪ್ಪ ಎಳೆದು ತೋರಿಸಿದ. ಉಗುರಿನ ಸಂದಿಯಲ್ಲಿ ಚೈನಿನದೇ ಕಪ್ಪು ಗ್ರೀಸು.

* * *

“ಸೀಮೆಎಣ್ಣೆ ಬಳಿದು, ಒರೆಸಿ, ಪುಡಿ ಉದುರಿಸಿದ್ರೆ ಬಿರುಕಿನ ಒಳಗಿನ ಎಣ್ಣೆ ಮೇಲಕ್ಕೆ ಬರತ್ತೆ,” ಎಂದ ನರಸಿಂಹಯ್ಯ. ದನಿ ತಣ್ಣಗಿತ್ತು. “ಹನುಮಯ್ಯ ಬಿರುಕು ಕಂಡುಹಿಡಿದಿದ್ದ. ಬೇಡವಾದ ಬ್ಲಾಕನ್ನ ಅವನ್ಯಾಕೆ ಎತ್ತುತ್ತಾನೆ? ಚೈನು ಎಳೆದಿದ್ರೆ ಅಂಗೈ ಕಪ್ಪಾಗಿರೋದು. ನಿಮ್ ಮಗನಿಗೆ ಬೀಡು ಬೇಕಾಗೇ ಇರಲಿಲ್ಲ. ಬೇಕಾಗಿದ್ದದ್ದು ನಿಮಗೆ.”

ಗೋಪಾಲಪ್ಪ ಕುಸಿದು ಕೂತ. “ಬಿರುಕಿಗೆ ವೆಲ್ಡಿಂಗ್ ಮಾಡ್ಸಿ ಕೂರ್ಸು ಅಂದೆ. ಆಗಲ್ಲ, ಈ ಸಲ ರೇಸು ಬಿಟ್ಬಿಡಿ ಅಂದ. ಮಗ ಗೆಲ್ತಾನೆ ಅಂತ ಊರಿಗೆಲ್ಲ ಹೇಳ್ಕೊಂಡಿದ್ದೆ ಸಾರ್... ಕೈಲಿ ಕಬ್ಬಿಣದ ರಾಡು ಇತ್ತು. ಒಂದೇ ಏಟು. ಆಮೇಲೆ ಪುಲ್ಲಿಲಿ ಬ್ಲಾಕು ಎತ್ತಿ ಅವನ ತಲೆ ಮೇಲೆ ಬಿಟ್ಟೆ.”

“ಬಿರುಕಿರೋ ಬ್ಲಾಕು ಟರ್ಬೊ ಒತ್ತಡಕ್ಕೆ ಸಿಡಿಯತ್ತೆ ಅಂತ ಹೇಳಲಿಲ್ವಾ?”

“ಹೇಳ್ದ. ನಿಮ್ ಮಗ ಸಾಯ್ತಾನೆ ಅಂತ್ಲೇ ಹೇಳ್ದ.”

ನರಸಿಂಹಯ್ಯ ಬೇಡಿ ತೊಡಿಸಿದ. ಗೆಳೆಯನಿಗಾಗಿ ಈಗಲಾದರೂ ಒಂದು ಹನಿ ಬಂದೀತೆಂದು ಕಾದ. ಬರಲಿಲ್ಲ.

“ಶ್ಯಾಮಣ್ಣ,” ಎಂದು ಗೋಪಾಲಪ್ಪ ಕರೆದ. ಶ್ಯಾಮಣ್ಣ ತಿರುಗಿ ನೋಡಲಿಲ್ಲ. ಹನುಮಯ್ಯನ ಪಕ್ಕದಲ್ಲಿ ಮಂಡಿಯೂರಿ, ತಲೆಯ ಮೇಲಿದ್ದ ಬ್ಲಾಕನ್ನು ಒಬ್ಬನೇ ಎತ್ತಲು ಹೆಣಗುತ್ತಿದ್ದ.